ಕಾನ್ಫಿಗ್ ಫೈಲ್ ಸಿಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಲಿ

ಪ್ರಶ್ನೆ (ತೀರ್ಥಹಳ್ಳಿ): ಸರ್, ಚೇಣಿ (ಫಸಲಿನ ಗುತ್ತಿಗೆ) ಹಿಡಿದ ತೋಟಗಳ ಹಸಿ ಅಡಿಕೆ ತೂಕ ಬರೆದಿಡಲು ಪೈಥಾನ್‌ನಲ್ಲಿ ಪ್ರೋಗ್ರಾಂ ಮಾಡಿದ್ದೇನೆ. ಎಸ್‌ಕ್ಯೂಲೈಟ್ ಡೇಟಾಬೇಸ್ ಎಲ್ಲಿದೆ ಅನ್ನುವುದು ಒಂದು ಐಎನ್ಐ ಫೈಲಿನಲ್ಲಿದೆ (ಅದೇ ನನ್ನ ಕಾನ್ಫಿಗ್, ಅಂದರೆ ಸೆಟ್ಟಿಂಗುಗಳ ಫೈಲ್), ಅದನ್ನು ಕಾನ್ಫಿಗ್‌ಪಾರ್ಸರ್ ಲೈಬ್ರರಿಯಿಂದ ಓದುತ್ತೇನೆ. ನಾನೇ ಟರ್ಮಿನಲ್‌ನಿಂದ ಶುರು ಮಾಡಿದರೆ ಎಲ್ಲ ಸರಿ. ಕರೆಂಟ್ ಹೋಗಿ ಬಂದಾಗ ತಾನೇ ಶುರುವಾಗಲಿ ಅಂತ, ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡುವ ಸಿಸ್ಟಮ್‌ಡಿಗೆ ಒಂದು ಸರ್ವಿಸ್ ಮಾಡಿದ್ದೆ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂತು. ಆಮೇಲೆ ನೋಡಿದರೆ ಹಳೆ ಲೆಕ್ಕ ಒಂದೂ ಇಲ್ಲ, ಎರಡು ದಿನದ ಹೊಸ ತೂಕ ಮಾತ್ರ ಇದೆ. ಎರರ್ ಕೂಡ ಬಂದಿಲ್ಲ. ಲೈಬ್ರರಿಯಲ್ಲಿ ಬಗ್ ಇದೆಯಾ?

ಉತ್ತರ: ಬಗ್ ಇಲ್ಲ. ನಿಮ್ಮ ಲೆಕ್ಕವೂ ಎಲ್ಲೂ ಹೋಗಿಲ್ಲ. ಮೊದಲು ಸರ್ವಿಸ್ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ಬರೀ ಹೆಸರು ಕೊಟ್ಟು ಫೈಲ್ ತೆರೆಯಲು ಹೇಳಿದರೆ ಪೈಥಾನ್ ಅದನ್ನು ನಿಮ್ಮ ಕೋಡ್ ಇರುವ ಫೋಲ್ಡರಿನಲ್ಲಿ ಹುಡುಕುವುದಿಲ್ಲ. ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿ ನಿಂತು ಶುರುವಾಯಿತೋ ಅಲ್ಲಿ ಹುಡುಕುತ್ತದೆ. ಟರ್ಮಿನಲ್‌ನಲ್ಲಿ ನೀವು ಆ ಫೋಲ್ಡರಿಗೇ ಹೋಗಿ ಶುರು ಮಾಡುತ್ತಿದ್ದಿರಿ, ಅಲ್ವಾ? ಸಿಸ್ಟಮ್‌ಡಿಗೆ ಬೇರೆ ಹೇಳದಿದ್ದರೆ ಅದು ರೂಟ್ ಫೋಲ್ಡರಿನಲ್ಲಿ (ಎಲ್ಲಕ್ಕೂ ಮೇಲಿನ '/'), ರೂಟ್ ಯೂಸರ್ ಆಗಿ ಶುರು ಮಾಡುತ್ತದೆ. ಅಲ್ಲಿ ನಿಮ್ಮ ಐಎನ್ಐ ಫೈಲ್ ಇಲ್ಲ.

ಹಾಗಾದರೆ ಎರರ್ ಯಾಕೆ ಬರಲಿಲ್ಲ? ಕಾನ್ಫಿಗ್‌ಪಾರ್ಸರ್‌ನ 'ರೀಡ್' ಫೈಲ್ ಸಿಗದಿದ್ದರೆ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ನಾಲ್ಕೈದು ಕಡೆ ಇರಬಹುದಾದ ಫೈಲುಗಳ ಪಟ್ಟಿ ಕೊಟ್ಟು, ಇದ್ದಷ್ಟನ್ನು ಓದು ಅನ್ನುವುದಕ್ಕೆಂದೇ ಅದನ್ನು ಹಾಗೆ ಮಾಡಿದ್ದಾರೆ. ಯಾವ್ಯಾವ ಫೈಲ್ ಓದಿದೆ ಅಂತ ಪಟ್ಟಿಯನ್ನೂ ವಾಪಸ್ ಕೊಡುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ನೀವು ಕಳಿಸಿದ ಕೋಡಿನಲ್ಲಿ ಡೇಟಾಬೇಸಿಗೆ 'ತೂಕ.ಡಿಬಿ' ಅಂತ ಫಾಲ್‌ಬ್ಯಾಕ್ (ಸೆಟ್ಟಿಂಗ್ ಸಿಗದಿದ್ದರೆ ಬಳಸುವ ಬದಲಿ) ಬೇರೆ ಇದೆ. ಐಎನ್ಐ ಸಿಗಲಿಲ್ಲ, ಫಾಲ್‌ಬ್ಯಾಕ್ ಹಿಡಿಯಿತು. ಆ ಹೆಸರಿನ ಫೈಲ್ ಇಲ್ಲದಿದ್ದರೆ ಎಸ್‌ಕ್ಯೂಲೈಟ್ ತಾನೇ ಖಾಲಿಯದೊಂದನ್ನು ಮಾಡಿಕೊಳ್ಳುತ್ತದೆ. ನಿಮ್ಮ ಕೋಡ್ ಅದರಲ್ಲಿ ಟೇಬಲ್ ಮಾಡಿತು. ಮೂರು ಕಡೆ ಮೌನ, ಅದಕ್ಕೇ ನಿಮಗೆ ಗೊತ್ತಾಗಲಿಲ್ಲ.

ರೂಟ್ ಫೋಲ್ಡರಿನಲ್ಲಿ 'ತೂಕ.ಡಿಬಿ' ಇರುತ್ತದೆ ನೋಡಿ. ಎರಡು ದಿನದ ತೂಕ ಅದರಲ್ಲಿದೆ, ಹಳೆಯದೆಲ್ಲ ಹಳೆ ಜಾಗದಲ್ಲೇ ಇದೆ. ದಯವಿಟ್ಟು ಒಂದರ ಮೇಲೆ ಇನ್ನೊಂದನ್ನು ಕಾಪಿ ಮಾಡಬೇಡಿ, ಹಳೆ ಲೆಕ್ಕ ನಿಜವಾಗಿಯೂ ಹೋಗುತ್ತದೆ. ಎರಡನ್ನೂ ಬೇರೆ ಕಡೆ ಕಾಪಿ ಇಟ್ಟುಕೊಂಡು, ಹಳೆ ಡೇಟಾಬೇಸ್ ತೆರೆದು, ಎಸ್‌ಕ್ಯೂಲೈಟ್‌ನ 'ಅಟ್ಯಾಚ್' ಕಮಾಂಡಿನಿಂದ ಹೊಸದನ್ನು ಜೊತೆಗೆ ಸೇರಿಸಿಕೊಂಡು, ಸಾಲುಗಳನ್ನು ಸೇರಿಸಿ. ಐಡಿ ಕಾಲಂ ಬಿಟ್ಟು ಸೇರಿಸಿ. ಎರಡರಲ್ಲೂ ಐಡಿ 1ರಿಂದಲೇ ಶುರುವಾಗಿರುತ್ತದೆ, ಡಿಕ್ಕಿ ಹೊಡೆಯುತ್ತದೆ.

ಇನ್ನು ಕೋಡ್. ಕಾನ್ಫಿಗ್ ಫೈಲಿನ ಜಾಗವನ್ನು ಪಾತ್‌ಲಿಬ್‌ನಿಂದ, ಕೋಡ್ ಫೈಲ್ ಇರುವ ಫೋಲ್ಡರಿನಿಂದ ಲೆಕ್ಕ ಹಾಕಿ. 'ರೀಡ್' ಬದಲು ಫೈಲನ್ನು ನೀವೇ ಓಪನ್ ಮಾಡಿ 'ರೀಡ್ ಫೈಲ್'ಗೆ ಕೊಡಿ. ಫೈಲ್ ಇಲ್ಲದಿದ್ದರೆ ಅಲ್ಲೇ ಎರರ್ ಬಂದು ನಿಲ್ಲುತ್ತದೆ. ನಿಲ್ಲಲೇಬೇಕು. ಡೇಟಾಬೇಸಿನ ಫಾಲ್‌ಬ್ಯಾಕ್ ತೆಗೆದುಹಾಕಿ. ಬಣ್ಣಕ್ಕೋ ಅಕ್ಷರದ ಅಳತೆಗೋ ಫಾಲ್‌ಬ್ಯಾಕ್ ಇರಲಿ. ಜನರ ದುಡ್ಡಿನ ಲೆಕ್ಕ ಇರುವ ಕಡೆ ನಾನು ಯಾವತ್ತೂ ಇಡುವುದಿಲ್ಲ. ಐಎನ್ಐ ಒಳಗೆ ಡೇಟಾಬೇಸಿನ ಪೂರ್ತಿ ಪಾತ್ ಬರೆಯಿರಿ. ಪ್ರೋಗ್ರಾಂ ಶುರುವಾದ ಕೂಡಲೇ ಆ ಎರಡೂ ಪಾತ್ ಲಾಗ್‌ನಲ್ಲಿ ಬೀಳಲಿ. ಸರ್ವಿಸ್ ಫೈಲಿನಲ್ಲಿ ವರ್ಕಿಂಗ್ ಡೈರೆಕ್ಟರಿ ಹಾಕಿದರೂ ಕೆಲಸ ಆಗುತ್ತದೆ, ಆದರೆ ನಾಳೆ ಅದನ್ನೇ, ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ಹಾಕಿದರೆ ಕಥೆ ಮತ್ತೆ ಮೊದಲಿಂದ.

ಸೆಟ್ಟಿಂಗುಗಳನ್ನು ಡಾಟ್ಎನ್ವ್ ('.env') ಫೈಲಿನಲ್ಲಿ ಇಡುವವರೂ ಕೇಳಿಸಿಕೊಳ್ಳಿ. ಪೈಥಾನ್-ಡಾಟ್ಎನ್ವ್ ಕೂಡ ಫೈಲ್ ಸಿಗದಿದ್ದರೆ 'ಫಾಲ್ಸ್' ಅಂತ ವಾಪಸ್ ಕೊಟ್ಟು ಸುಮ್ಮನಾಗುತ್ತದೆ.

ಇಂಥ ತೊಂದರೆಗೆಲ್ಲ 'ಚ್‌ಮಾಡ್ 777 ಹೊಡೆಯಿರಿ', ಅಂದರೆ ಫೈಲನ್ನು ಎಲ್ಲರಿಗೂ ತೆರೆದಿಡಿ, ಅನ್ನುವ ವಿಡಿಯೋ ಪಂಡಿತರ ಮಾತು ಕೇಳಲೇಬೇಡಿ. ಅದರಿಂದ ಫೈಲಿನ ಜಾಗ ಬದಲಾಗುವುದಿಲ್ಲ. ನಿಮ್ಮ ಪಾಸ್‌ವರ್ಡ್ ಇರುವ ಫೈಲನ್ನು ಆ ಕಂಪ್ಯೂಟರ್ ಬಳಸುವ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅಷ್ಟೇ.

ಪ್ರಶ್ನೆ (ಸಾಗರ): ಯಾಮಲ್ ಕಾನ್ಫಿಗ್ ಫೈಲಿನಲ್ಲಿ ಹರಾಜಿನ ಹೊತ್ತು 09:30 ಅಂತ ಇದ್ದಾಗ ಸರಿ ಇತ್ತು. 10:30 ಮಾಡಿದೆ, 630 ಅಂತ ಬರುತ್ತಿದೆ.

ಉತ್ತರ: ಆ ಫೈಲ್ ಓದುವ ಪೈಯಾಮಲ್ ಲೈಬ್ರರಿ ಪಾಲಿಸುವುದು ಯಾಮಲ್ 1.1 ನಿಯಮ. ಅದರಲ್ಲಿ 10:30 ಅಂದರೆ ಅರವತ್ತರ ಲೆಕ್ಕದ ಸಂಖ್ಯೆ: ಹತ್ತು ಅರವತ್ತಲ ಆರುನೂರು, ಮೇಲೆ ಮೂವತ್ತು. ಸೊನ್ನೆಯಿಂದ ಶುರುವಾದ 09:30 ಆ ನಿಯಮಕ್ಕೆ ಸಿಗದೆ ಬಚಾವಾಗಿತ್ತು. ಕೋಟ್ಸ್ ಒಳಗೆ ಬರೆಯಿರಿ. ಹಾಗೇ 'ನೋ' ಅಂತ ಬರೆದರೆ ಫಾಲ್ಸ್ ಆಗುತ್ತದೆ, ಅದಕ್ಕೂ ಕೋಟ್ಸ್ ಹಾಕಿ. ಓದುವಾಗ 'ಸೇಫ್ ಲೋಡ್' ಮಾತ್ರ ಬಳಸಿ. 'ಅನ್‌ಸೇಫ್ ಲೋಡ್' ಆದರೆ, ಬೇರೆಯವರು ಕೊಟ್ಟ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಓಡಿಸಬಲ್ಲದು.

ಪ್ರಶ್ನೆ (ಭದ್ರಾವತಿ): ಡಿಬಗ್ ಫಾಲ್ಸ್ ಅಂತ ಎನ್ವ್‌ನಲ್ಲಿ ಹಾಕಿದರೂ ಡಿಬಗ್ ನಿಲ್ಲುತ್ತಿಲ್ಲ.

ಉತ್ತರ: ಅಲ್ಲಿಂದ ಬರುವುದೆಲ್ಲ ಸ್ಟ್ರಿಂಗ್ (ಬರೀ ಅಕ್ಷರಗಳು), 'ಫಾಲ್ಸ್' ಕೂಡ; ಖಾಲಿಯಲ್ಲದ ಸ್ಟ್ರಿಂಗ್ ಎಲ್ಲ ಪೈಥಾನ್‌ಗೆ ಟ್ರೂ. ಅಲ್ಲಿರುವ ಅಕ್ಷರ 'ಟ್ರೂ' ಅಂತಲೋ 'ಫಾಲ್ಸ್' ಅಂತಲೋ ನೀವೇ ಹೋಲಿಸಿ ನೋಡಬೇಕು.

ಪ್ರಶ್ನೆ (ಹೊಸನಗರ): ಯಾವ ಕಾನ್ಫಿಗ್ ಲೈಬ್ರರಿ ಎಲ್ಲಕ್ಕಿಂತ ಒಳ್ಳೇದು?

ಉತ್ತರ: ಪೈಥಾನ್ 3.11ರಿಂದ ಟಾಮಲ್ ಕಾನ್ಫಿಗ್ ಫೈಲ್ ಓದುವ ಟಾಮಲ್‌ಲಿಬ್ ಜೊತೆಗೇ ಬರುತ್ತದೆ, ಅದೇ ಸಾಕು.

ಪ್ರಶ್ನೆ (ಶಿಕಾರಿಪುರ): ಪಾಸ್‌ವರ್ಡ್ ಇದ್ದ ಫೈಲನ್ನು ಗಿಟ್‌ಗೆ ಹಾಕಿ ಪುಶ್ ಮಾಡಿದ್ದೆ. ಈಗ ಅಳಿಸಿ ಮತ್ತೆ ಕಮಿಟ್ ಮಾಡಿದ್ದೇನೆ. ಸಾಕಾ?

ಉತ್ತರ: ಸಾಲದು. ಹಳೆ ಕಮಿಟ್‌ನಲ್ಲಿ ಅದು ಹಾಗೇ ಇದೆ. ಇವತ್ತೇ ಪಾಸ್‌ವರ್ಡ್ ಬದಲಿಸಿ.