ವೇದಿಕೆ ಹತ್ತಿದರೆ ಶ್ರುತಿ ಜಾರುತ್ತದೆ

ಪ್ರಶ್ನೆ: ಮನೆಯಲ್ಲಿ ಹಾಡಿದಾಗ ನನ್ನ ಶ್ರುತಿ ಸರಿಯಾಗಿಯೇ ಇರುತ್ತದೆ. ವೇದಿಕೆಯಲ್ಲಿ ವಾದ್ಯಗಳ ಜೊತೆ ಹಾಡಿದರೆ ಜಾರುತ್ತದೆ. ರೆಕಾರ್ಡಿಂಗ್ ಕೇಳಿದ ಮೇಲೇ ಗೊತ್ತಾಗುವುದು. ಅಭ್ಯಾಸ ಸಾಲದೇ? ಶ್ರುತಿ ತಿದ್ದುವ ಆಟೋ-ಟ್ಯೂನ್ ಸಾಫ್ಟ್‌ವೇರ್ ಹಾಕಿಸಿಕೊಳ್ಳಲೇ?

ಉತ್ತರ: ಮನೆಯಲ್ಲಿ ಸರಿ ಇದೆ ಅಂದ ಮೇಲೆ ಗಂಟಲನ್ನು ಸುಮ್ನೆ ಬೈಯಬೇಡಿ. ವೇದಿಕೆಯಲ್ಲಿ ನಿಮ್ಮ ದನಿ ನಿಮಗೇ ಕೇಳುತ್ತಿಲ್ಲ. ಎಲ್ಲ ದನಿಗಳನ್ನು ಬೆರೆಸುವ ಸೌಂಡ್ ಮಿಕ್ಸರ್ ಮುಂದೆ ಕೂತು ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ. ಗದ್ದಲದಲ್ಲಿ ಯಾರೇ ಆದರೂ ಗೊತ್ತಿಲ್ಲದೆ ದನಿ ಏರಿಸುತ್ತಾರೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಅಂತಾರೆ. ಏರಿಸಿದಷ್ಟೂ ಗಂಟಲು ಬಿಗಿಯುತ್ತದೆ, ಸ್ವರ ಕೈತಪ್ಪುತ್ತದೆ.

ಆಗ ಎಲ್ಲರೂ ಕೇಳುವುದು, "ಮಾನಿಟರಿನಲ್ಲಿ ನನ್ನ ದನಿ ಜಾಸ್ತಿ ಮಾಡಿ" ಅಂತ. ಮಾನಿಟರ್ ಅಂದರೆ ಹಾಡುವವರಿಗೆ ಕೇಳಲೆಂದು ವೇದಿಕೆಯಲ್ಲಿ ಅವರ ಕಡೆ ತಿರುಗಿಸಿಟ್ಟ ಸ್ಪೀಕರ್. ನೀವು ಅದರಲ್ಲಿ ಉಳಿದದ್ದನ್ನು ಕಡಿಮೆ ಮಾಡಿಸಿ. ಒಮ್ಮೆ ಒಬ್ಬ ಗಾಯಕಿ ಮೂರನೇ ಹಾಡಿಗೇ ಅಳುವ ಹಾಗಾಗಿದ್ದರು. ಅವರ ಮಾನಿಟರಿನಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ತುಂಬಿದ್ದವನು ನಾನೇ. ಎಲ್ಲ ತೆಗೆದು ಅವರ ದನಿ, ಕೀಬೋರ್ಡ್ ಎರಡನ್ನೇ ಉಳಿಸಿದೆ. ದನಿಗೆ ಪ್ರತಿಧ್ವನಿ ಸೇರಿಸುವ ರಿವರ್ಬ್ ಕೂಡ ತೆಗೆದೆ. ಗುಂಯ್‌ಗುಡುವ ದನಿಯಲ್ಲಿ ಸ್ವರ ಎಲ್ಲಿ ನಿಂತಿದೆ ಅಂತ ತಿಳಿಯುವುದಿಲ್ಲ. ಮುಂದಿನ ಹಾಡಿಗೆ ಶ್ರುತಿ ಕೂತಿತು. ಆ ಸಂಜೆಯ ಮೊದಲ ಮೂರು ಹಾಡುಗಳಿಗಾಗಿ ನನಗೆ ಇವತ್ತಿಗೂ ಬೇಜಾರಿದೆ.

ಸಭಾಂಗಣದಿಂದ ತಿರುಗಿ ಬರುವ ದನಿಯನ್ನು ನಂಬಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಿಂದಿನ ಗೋಡೆ 17 ಮೀಟರ್ ದೂರ ಇದ್ದರೆ ನಿಮ್ಮ ದನಿ ಹೋಗಿ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ನೀವು ಮುಂದಿನ ಸ್ವರದಲ್ಲಿರುತ್ತೀರಿ, ಅಲ್ವಾ?

ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ಆದರೆ ಮಾನಿಟರ್ ಅದರ ಬೆನ್ನಿಗೆ ನೇರವಾಗಿರಲಿ. ಆ ಕಡೆಯ ಶಬ್ದವನ್ನು ಅದು ತೀರಾ ಕಡಿಮೆ ಹಿಡಿಯುತ್ತದೆ, ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೊಕ್ಕು ಕಿರ್ರೆನ್ನುವ ಫೀಡ್‌ಬ್ಯಾಕ್ ಕಾಟ ತಗ್ಗುತ್ತದೆ. ಕಿವಿಯೊಳಗೆ ಹಾಕಿಕೊಳ್ಳುವ ಇನ್-ಇಯರ್ ಮಾನಿಟರ್ ಇದ್ದರೆ ಎರಡೂ ಕಿವಿಗೆ ಹಾಕಿಕೊಳ್ಳಿ. ಒಂದನ್ನು ತೆಗೆದರೆ ಇನ್ನೊಂದರಲ್ಲಿ ಶಬ್ದ ಏರಿಸಬೇಕಾಗುತ್ತದೆ. ಕಿವಿ ಹಾಳಾದರೆ ಮರಳಿ ಬರುವುದಿಲ್ಲ.

1997ರಲ್ಲಿ ಬಂದ ಆಟೋ-ಟ್ಯೂನ್ ದನಿಯನ್ನು ಹತ್ತಿರದ ಸ್ವರಕ್ಕೆ ಎಳೆಯುತ್ತದೆ. ನೀವು ಎರಡು ಸ್ವರಗಳ ನಡುವಿನ ಅರ್ಧ ದಾರಿ ದಾಟಿದರೆ ತಪ್ಪು ಸ್ವರಕ್ಕೇ ಎಳೆದೀತು. ಗಮಕವನ್ನೂ ಚಪ್ಪಟೆ ಮಾಡೀತು. ನಿಮಗೆ ಈಗ ಅದು ಬೇಡ.

ಸೌಂಡ್ ಚೆಕ್‌ನಲ್ಲಿ "ಹಲೋ, ಹಲೋ" ಸಾಲದು. ಎಲ್ಲ ವಾದ್ಯಗಳ ಜೊತೆ, ಎತ್ತರದ ಸ್ವರ ಇರುವ ಹಾಡನ್ನು ಪೂರ್ತಿ ದನಿಯಲ್ಲಿ ಹಾಡಿ. ನಡುವೆ ಒಂದು ಕಿವಿ ಬೆರಳಿಂದ ಮುಚ್ಚಿ ನೋಡಿ. ಹಾಗೆ ಮುಚ್ಚಿದಾಗಲೇ ಶ್ರುತಿ ಸಿಕ್ಕರೆ ಮಾನಿಟರ್ ಇನ್ನೂ ಸರಿಯಾಗಿಲ್ಲ. ಕಾರ್ಯಕ್ರಮ ಶುರುವಾಗುವ ಮೊದಲೇ ಹೇಳಿ ಸರಿ ಮಾಡಿಸಿಕೊಳ್ಳಿ.