ಗೊಣಗಾಟ ಕಡಿಮೆಯಾಗಬೇಕಾದರೆ ಶಿವರಾತ್ರಿ ಪಾದಯಾತ್ರಿಗಳ ಸೇವೆಗೆ ನಿಲ್ಲಿ

ಕರೆಂಟು ಹೋಯಿತು, ನೆಟ್‌ವರ್ಕ್ ಸಿಗಲಿಲ್ಲ, ತೋಟಕ್ಕೆ ಆಳು ಬರಲಿಲ್ಲ ಅಂತ ದಿನವಿಡೀ ಗೊಣಗುತ್ತೇನೆ, ಬಿಡುವುದು ಹೇಗೆ ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲೇ ಇದ್ದೀರಲ್ಲ, ಮಹಾಶಿವರಾತ್ರಿಗೆ ಮುಂಚಿನ ನಾಲ್ಕೈದು ದಿನಗಳಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಮೂಡಿಗೆರೆ–ಕೊಟ್ಟಿಗೆಹಾರ ರಸ್ತೆಗೆ ಹೋಗಿ. ಚಾರ್ಮಾಡಿ ಘಾಟಿ ಇಳಿದು, ಉಜಿರೆ ದಾಟಿ ಧರ್ಮಸ್ಥಳಕ್ಕೆ ನಡೆದು ಹೋಗುವವರು ಅಲ್ಲಿ ಸಿಗುತ್ತಾರೆ. ನೋಡಲು ಹೋಗಬೇಡಿ, ಕೆಲಸಕ್ಕೆ ಹೋಗಿ. ದೂರ ನಿಂತು ನೋಡಿದರೆ 'ಪಾಪ' ಅನ್ನಿಸುತ್ತದೆ, ಮರುದಿನಕ್ಕೆ ಅದೂ ಇರುವುದಿಲ್ಲ.

ಮಜ್ಜಿಗೆ ಸುಲಭದ ಸೇವೆ. ನೂರು ಲೋಟಕ್ಕೆ 4 ಲೀಟರ್ ಮೊಸರು, 16 ಲೀಟರ್ ನೀರು, ಸುಮಾರು 100 ಗ್ರಾಂ ಉಪ್ಪು, ಜಜ್ಜಿದ ಶುಂಠಿ, ಕರಿಬೇವು ಸಾಕು. ಎಲ್ಲವನ್ನೂ ಬೆಳಿಗ್ಗೆಯೇ ಕಲಸಿಟ್ಟರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ, ಖರ್ಚಾದಂತೆ ಕಲಸಿ.

ಆದರೆ ನಿಮಗೆ ಬೇಕಾದದ್ದು ಸಿಗುವುದು ಕಾಲಿನ ಆರೈಕೆ ಮಾಡುವ ಕಡೆ. ಬೆವರಿಗೆ ಒದ್ದೆಯಾದ ಕಾಲುಚೀಲ ಉಜ್ಜಿ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ಹರಕೆಗೆಂದು ಬರಿಗಾಲಲ್ಲಿ ಬಂದವರಿಗೆ ಕಾದ ಡಾಂಬರಿನಿಂದ ಅಂಗಾಲು ಸುಟ್ಟಿರುತ್ತದೆ. ಸಣ್ಣ ಬೊಬ್ಬೆಯನ್ನು ಒಡೆಯಬಾರದು: ಮೇಲಿನ ಚರ್ಮವೇ ಸೋಂಕಿಗೆ ತಡೆ. ಸೋಪು ನೀರಿನಲ್ಲಿ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಗಾಯಕ್ಕೆ ಹಾಕುವ ತೆಳು ಗಾಜ್ (gauze) ಬಟ್ಟೆ ಇಟ್ಟು ಸಡಿಲವಾಗಿ ಪಟ್ಟಿ ಹಾಕಿ. ಒಡೆದದ್ದರ ಚರ್ಮ ಕಿತ್ತು ತೆಗೆಯಬೇಡಿ, ಅರಿಶಿನ ತುಂಬಬೇಡಿ. ಸಕ್ಕರೆ ಕಾಯಿಲೆ ಇದ್ದವರನ್ನು ಕೇಳಿ ತಿಳಿದುಕೊಂಡು ನೇರವಾಗಿ ವೈದ್ಯರ ಬಳಿ ಕಳಿಸಿ. ಅವರಿಗೆ ಕಾಲಿನ ಸ್ಪರ್ಶಜ್ಞಾನ ಕಡಿಮೆಯಿರಬಹುದು, ಗಾಯ ಎಷ್ಟು ಆಳವೆಂದು ಅವರಿಗೇ ಗೊತ್ತಾಗುವುದಿಲ್ಲ. ಬೂಟು ಹಾಕಿದವರಿಗೆ ಘಾಟಿ ಇಳಿಯುವ ಮೊದಲು ಲೇಸನ್ನು ಪಾದದ ಮೇಲ್ಭಾಗದಲ್ಲಿ ಬಿಗಿಯಲು ಹೇಳಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ನೂಕಿ ಉಗುರು ಕಪ್ಪಾಗುತ್ತದೆ.

ಪಟ್ಟಿ ಕಟ್ಟುವಾಗ ಅವರ ಮಾತು ಕೇಳಿಸಿಕೊಳ್ಳಿ. ಇವರಿಗೆ ನೋವಿಲ್ಲ ಎಂದಲ್ಲ. 'ಅಣ್ಣ, ಇಲ್ಲಿ ಉರೀತಿದೆ' ಎಂದು ಬೆರಳಿಟ್ಟು ತೋರಿಸುತ್ತಾರೆ. ಹಾಗೆ ಹೇಳುವುದು ಒಮ್ಮೆ ಮಾತ್ರ, ಅದೂ ಪಟ್ಟಿ ಕಟ್ಟುವವರಿಗೆ. ಆಮೇಲೆ 'ಮಂಜುನಾಥ ನಡೆಸ್ಕೊಂಡು ಹೋಗ್ತಾನೆ' ಅಂದು ಎದ್ದು, ಗುಂಪಿನ ಭಜನೆಗೆ ದನಿ ಸೇರಿಸುತ್ತಾರೆ. ನೋವು ಹೇಳುವುದು ಬೇರೆ, ಗೊಣಗುವುದು ಬೇರೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಅವರ ಕಷ್ಟದ ಮುಂದೆ ನನ್ನದೇನು ಮಹಾ ಎಂದು ಅಳೆಯಲು ಕೂರಬೇಡಿ. ಆ ಸಮಾಧಾನ ಬೇಗ ಆರುತ್ತದೆ, ಅವರನ್ನೂ ಸಣ್ಣವರನ್ನಾಗಿಸುತ್ತದೆ. ಅವರ ಸಂತೋಷವನ್ನು ಸಂತೋಷವೆಂದೇ ನಂಬಿ. ನಿಮಗೆ ದೇವರಲ್ಲಿ ನಂಬಿಕೆ ಇಲ್ಲದಿದ್ದರೂ ಅಷ್ಟು ಸಾಧ್ಯ.

ಮನೆಯಲ್ಲೂ ಇದೇ ಕ್ರಮ ಇಟ್ಟುಕೊಳ್ಳಿ. ಕರೆಂಟು ಹೋದರೆ 1912ಕ್ಕೆ ಒಮ್ಮೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಂಡು, ಆ ಮಾತು ಅಲ್ಲಿಗೇ ಬಿಡಿ. ಕೂಲಿ ಕೊಡದಿರುವುದು, ವಾಸಿಯಾಗದ ಕಾಯಿಲೆ, ಮನೆಯೊಳಗಿನ ಹಿಂಸೆ ಗೊಣಗಾಟದ ಲೆಕ್ಕಕ್ಕೆ ಬರುವುದಿಲ್ಲ; ಅವನ್ನು ಭಕ್ತಿಯ ಹೆಸರಿನಲ್ಲಿ ನುಂಗಿಕೊಳ್ಳಬಾರದು.

ಬೆಳಕು ಹರಿಯುವ ಮೊದಲೇ ಅಲ್ಲಿರಿ, ಬಿಸಿಲೇರುವ ಮುಂಚೆ ನಡೆಯುವವರೇ ಹೆಚ್ಚು. ಪ್ಲಾಸ್ಟಿಕ್ ಲೋಟ ಒಯ್ಯಬೇಡಿ, ಘಾಟಿಯ ಕಾಡಿಗೆ ಸೇರುತ್ತದೆ. ಸ್ಟೀಲ್ ಲೋಟವಾದರೆ ತೊಳೆಯಲು ಇಬ್ಬರು ಬೇಕು. ಪಟ್ಟಿ ಕಟ್ಟಲು ಬಾರದಿದ್ದರೆ ಲೋಟ ತೊಳೆಯುವ ಕೆಲಸವನ್ನೇ ಕೇಳಿ ತೆಗೆದುಕೊಳ್ಳಿ.