ಕುದಿಸಿದ ಸಾಮಾನು ಸ್ಟೆರೈಲ್ ಆಗುತ್ತದೆಯೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮದ್ದೂರಿನ ಹತ್ತಿರ ಸಣ್ಣ ನರ್ಸಿಂಗ್ ಹೋಂ ಒಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಕರೆಂಟ್ ಇಲ್ಲದಾಗ ಹೊಲಿಗೆ ಹಾಕುವ ಸಾಮಾನುಗಳನ್ನು ಗ್ಯಾಸ್ ಮೇಲೆ 20 ನಿಮಿಷ ಕುದಿಸಿ, ಸ್ಪಿರಿಟ್‌ನಲ್ಲಿ ಅದ್ದಿಡುತ್ತೇವೆ. ಇದು ಸ್ಟೆರೈಲ್ ಆದ ಹಾಗೆಯೇ? ಡಿಸ್‌ಇನ್ಫೆಕ್ಷನ್ ಅಂದರೂ ಅದೇನಾ?

ಉತ್ತರ: ಇಲ್ಲ ಸಿಸ್ಟರ್, ಆಗುವುದಿಲ್ಲ. ತೆರೆದ ಪಾತ್ರೆಯಲ್ಲಿ ನೀರಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಅಷ್ಟಕ್ಕೆ ಸಾಮಾನ್ಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಸ್ಪೋರ್‌ಗಳು ಸಾಯುತ್ತವೆಂಬ ಖಾತರಿಯಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಕವಚ ಕಟ್ಟಿಕೊಂಡು ಸುಮ್ಮನೆ ಬಿದ್ದಿರುತ್ತವಲ್ಲ, ಆ ರೂಪವೇ ಸ್ಪೋರ್. ಧನುರ್ವಾಯು ತರುವ ಕ್ಲಾಸ್ಟ್ರಿಡಿಯಂ ಟೆಟನಿ ಮಣ್ಣಿನಲ್ಲಿ, ಸಗಣಿಯಲ್ಲಿ ಹೀಗೇ ವರ್ಷಗಟ್ಟಲೆ ಉಳಿಯುತ್ತದೆ. ಕಬ್ಬು ಕಡಿಯುವಾಗ ಮಚ್ಚು ತಾಗಿಸಿಕೊಂಡು ನಿಮ್ಮಲ್ಲಿಗೆ ಬರುವವರ ಗಾಯದಲ್ಲಿ ಇರುವುದು ಅದೇ ಗದ್ದೆಯ ಮಣ್ಣು. ಸ್ಪಿರಿಟ್‌ಗಂತೂ ಸ್ಪೋರ್ ಜಗ್ಗುವುದೇ ಇಲ್ಲ.

ಸ್ಪೋರ್ ಸಮೇತ ಎಲ್ಲ ಸೂಕ್ಷ್ಮಜೀವಿಗಳೂ ನಾಶವಾದರೆ ಸ್ಟೆರಿಲೈಸೇಷನ್. ರೋಗ ತರುವ ಬಹುಪಾಲು ಜೀವಿಗಳು ಹೋಗಿ ಸ್ಪೋರ್ ಉಳಿಯುವ ಸಾಧ್ಯತೆಯಿದ್ದರೆ ಡಿಸ್‌ಇನ್ಫೆಕ್ಷನ್. ಚರ್ಮದ ಮೇಲೆ, ಗಾಯದ ಮೇಲೆ ಮಾಡುವುದು ಆಂಟಿಸೆಪ್ಸಿಸ್. ಮೈಯೊಳಗೆ ಹೋಗುವ ಸೂಜಿ, ಕತ್ತರಿ, ಫೋರ್ಸೆಪ್ಸ್ (ಇಕ್ಕಳ) ಸ್ಟೆರೈಲ್ ಆಗಿರಲೇಬೇಕು. ಬಿಪಿ ಪಟ್ಟಿಗೆ, ಮಂಚದ ಕಂಬಿಗೆ ಡಿಸ್‌ಇನ್ಫೆಕ್ಷನ್ ಸಾಕು.

ಸಾಮಾನು ಸ್ಟೆರೈಲ್ ಮಾಡುವ ಯಂತ್ರ ಆಟೋಕ್ಲೇವ್. ಅದು ಕೆಲಸ ಮಾಡುವುದು ಪ್ರೆಷರ್ ಕುಕ್ಕರ್‌ನಂತೆ: 15 ಪೌಂಡ್ ಒತ್ತಡದಲ್ಲಿ ಹಬೆ 121 ಡಿಗ್ರಿ ಮುಟ್ಟುತ್ತದೆ. ಬಟ್ಟೆ ಸುತ್ತಿದ ಪ್ಯಾಕ್‌ಗಳಿಗೆ 30 ನಿಮಿಷ ಕೊಡಿ, ಅದನ್ನು 121 ಮುಟ್ಟಿದ ಮೇಲಿಂದ ಎಣಿಸಿ. ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಬೇಕು, ಡ್ರಮ್‌ನಲ್ಲಿ ತುರುಕಬಾರದು. ಹೊರಗಿನ ಟೇಪ್‌ನಲ್ಲಿ ಗೆರೆ ಕಪ್ಪಾದರೆ ಪ್ಯಾಕ್ ಬಿಸಿ ಕಂಡಿದೆ ಎಂದಷ್ಟೇ ಅರ್ಥ. ಒದ್ದೆಯಾಗಿ ಹೊರಬಂದ ಪ್ಯಾಕ್ ಬಳಸಲೇಬೇಡಿ. ಕರೆಂಟ್ ತೊಂದರೆ ಪದೇ ಪದೇ ಇದ್ದರೆ, ಒಲೆಯ ಮೇಲಿಡುವ ಪ್ರೆಷರ್ ಸ್ಟೆರಿಲೈಸರ್ ತರಿಸಿಕೊಡಿ ಎಂದು ಮಾಲೀಕರನ್ನು ಒತ್ತಾಯಿಸಿ. ಒಂದೆರಡು ಹೊಲಿಗೆ ಸೆಟ್ ಮೊದಲೇ ಮಾಡಿ ಇಟ್ಟುಕೊಳ್ಳುವುದೂ ಆಗುತ್ತದೆ.

ಇದೆಲ್ಲಕ್ಕಿಂತ ಮೊದಲಿನದು ತೊಳೆಯುವುದು. ಆರ್ಟರಿ ಫೋರ್ಸೆಪ್ಸ್ ಬಿಡಿಸಿ, ಕೀಲಿನ ಸಂದನ್ನೂ ಹಲ್ಲುಗಳನ್ನೂ ಬೆಳಕಿಗೆ ಹಿಡಿದು ನೋಡಿ. ಕಂದು ಗೆರೆ ಕಂಡರೆ ಅದು ಒಣಗಿದ ರಕ್ತವಿರಬಹುದು. ಅದರ ಅಡಿಗೆ ಹಬೆಯೂ ತಲುಪುವುದಿಲ್ಲ, ಔಷಧವೂ ತಲುಪುವುದಿಲ್ಲ. ರಕ್ತ ಒಣಗುವ ಮೊದಲೇ ಡಿಟರ್ಜೆಂಟ್ ನೀರಿನಲ್ಲಿ ಹಾಕಿ, ಬ್ರಷ್‌ನಿಂದ ಉಜ್ಜಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಡ್ರೆಸ್ಸಿಂಗ್ ಟ್ರಾಲಿಯ ಮೇಲೆ ಚೀಟಲ್ ಫೋರ್ಸೆಪ್ಸ್ (ಸ್ಟೆರೈಲ್ ಸಾಮಾನು ಎತ್ತಿಕೊಡುವ ಉದ್ದ ಇಕ್ಕಳ) ಅದ್ದಿಟ್ಟ ಆಂಟಿಸೆಪ್ಟಿಕ್ ಜಾರ್ ಇದ್ದರೆ ದಯವಿಟ್ಟು ಇಂದೇ ತೆಗೆಸಿ. ಕೆಲವು ದ್ರಾವಣಗಳಲ್ಲಿ, ಅದರಲ್ಲೂ ತಳದಲ್ಲಿ ಹತ್ತಿ ಹಾಕಿ ದಿನಗಟ್ಟಲೆ ಬದಲಾಯಿಸದೆ ಇಟ್ಟಿದ್ದರೆ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಆರಾಮವಾಗಿ ಬೆಳೆಯುತ್ತದೆ. ಆಮೇಲೆ ಆ ಒಂದು ಇಕ್ಕಳ ಮುಟ್ಟಿದ ಸ್ಟೆರೈಲ್ ಗಾಜ್ ಬಟ್ಟೆಯೆಲ್ಲ ಕೆಟ್ಟಿತು. ಇದು ನನ್ನನ್ನು ಬಹಳ ಕಾಡುವ ವಿಷಯ, ಏಕೆಂದರೆ ನೋಡುವವರಿಗೆ ಆ ಜಾರ್ ಶುಚಿತ್ವದ ಗುರುತಿನಂತೆಯೇ ಕಾಣುತ್ತದೆ.

ಪ್ರಶ್ನೆ: ಮೈಸೂರಿನ ಆಸ್ಪತ್ರೆಯೊಂದರಲ್ಲಿ ವಾರ್ಡ್ ನರ್ಸ್. ಕ್ಯಾಥೆಟರ್ (ಮೂತ್ರ ಹೊರಹೋಗುವ ನಳಿಕೆ) ಹಾಕಿದ ಅಜ್ಜರೊಬ್ಬರ ಮೂತ್ರದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ಜ್ವರವಿಲ್ಲ. ಡಾಕ್ಟರು ಆಂಟಿಬಯೋಟಿಕ್ ಬರೆಯಲಿಲ್ಲವೆಂದು ಮನೆಯವರು ಜಗಳ ಮಾಡುತ್ತಿದ್ದಾರೆ.

ಉತ್ತರ: ಡಾಕ್ಟರು ಮಾಡಿದ್ದು ಸರಿಯಾಗಿದೆ. ಬ್ಯಾಕ್ಟೀರಿಯಾ ತೊಂದರೆ ಕೊಡದೆ ನೆಲೆಸಿದ್ದರೆ ಅದು ಕಾಲೊನೈಸೇಷನ್. ಅಂಗಾಂಶಕ್ಕೆ ನುಗ್ಗಿ ಜ್ವರ, ನೋವು ತಂದಾಗ ಇನ್ಫೆಕ್ಷನ್. ಕ್ಯಾಥೆಟರ್ ಹೆಚ್ಚು ದಿನ ಇದ್ದಷ್ಟೂ ಕಲ್ಚರ್‌ನಲ್ಲಿ ಏನಾದರೂ ಬೆಳೆಯುವುದು ಸಹಜ. ಲಕ್ಷಣವಿಲ್ಲದವರಿಗೆ ಔಷಧ ಕೊಟ್ಟರೆ ಔಷಧಕ್ಕೆ ಜಗ್ಗದ ತಳಿಗಳು ಉಳಿದುಕೊಳ್ಳುತ್ತವೆ. ಗರ್ಭಿಣಿಯರು, ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾದವರ ವಿಷಯ ಬೇರೆ.

ಮನೆಯವರಿಗೆ, "ಅಜ್ಜನಿಗೆ ಜ್ವರ, ಚಳಿ, ಮಂಕು ಕಂಡರೆ ತಕ್ಷಣ ನಮಗೆ ಹೇಳಿ, ನಾವೂ ನೋಡುತ್ತಲೇ ಇರುತ್ತೇವೆ" ಎಂದು ಸಮಾಧಾನವಾಗಿ ತಿಳಿಸಿ. ಮೂತ್ರ ಸೇರುವ ಚೀಲ ಮೂತ್ರಕೋಶದ ಮಟ್ಟಕ್ಕಿಂತ ಕೆಳಗಿರಲಿ, ನೆಲ ಮುಟ್ಟದಿರಲಿ. ಕ್ಯಾಥೆಟರ್ ಇನ್ನೂ ಬೇಕೇ ಎಂದು ದಿನಾ ರೌಂಡ್ಸ್‌ನಲ್ಲಿ ನೀವೇ ಕೇಳಿ.